ಎದುರುಬದುರು ಆಟದ ಒಡೆತನ

ಆಟದ ಹಲಗೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ನಾನೂ ನನ್ನ ಮೈದುನನೂ ಚಿಕ್ಕಮಗಳೂರಿನ ವಕೀಲರ ಕಚೇರಿಗೆ ಹೋದಾಗ ನಮಗೆ ಗೊತ್ತಿದ್ದ ಪದ ಒಂದೇ, ಪೇಟೆಂಟ್. ರೆಸಾರ್ಟಿನಲ್ಲಿ ನಮ್ಮ ಆಟ ಆಡಿದ ಅತಿಥಿಯೊಬ್ಬರು, "ಬೇಗ ಪೇಟೆಂಟ್ ಮಾಡಿಸಿಬಿಡಿ, ಯಾರಾದರೂ ಕದ್ದಾರು" ಎಂದಿದ್ದರು. ಅದನ್ನೇ ನಂಬಿಕೊಂಡು ಹೊರಟಿದ್ದೆವು.

ನಾನು ಕೊಟ್ಟಿಗೆಹಾರದ ಹತ್ತಿರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ನನ್ನ ಗಂಡನ ತಮ್ಮ ಸಂಸೆಯಲ್ಲಿದ್ದುಕೊಂಡು ಬಾಡಿಗೆ ಜೀಪು ಓಡಿಸುತ್ತಾನೆ. ಒಂದು ರಜೆಯ ದಿನ ಅವನ ಜೀಪಿನಲ್ಲಿ ಕಳಸದಿಂದ ಬರುವಾಗ ಕಿರಿದಾದ ತಿರುವೊಂದರಲ್ಲಿ ಮೆಣಸಿನ ಚೀಲ ಹೇರಿದ್ದ ಪಿಕಪ್ಪೂ ಪ್ರವಾಸಿಗರ ಕಾರೂ ಎದುರುಬದುರಾಗಿ ನಿಂತಿದ್ದವು. ಇಬ್ಬರೂ ರಿವರ್ಸ್ ಹೋಗಲು ಒಪ್ಪಲಿಲ್ಲ. ಎರಡೂ ಕಡೆ ಗಾಡಿಗಳು ಸಾಲುಗಟ್ಟಿದವು. ಮೈದುನ ಇಳಿದು ಹೋಗಿ, ಯಾವ ಗಾಡಿಯನ್ನು ಎಷ್ಟು ಹಿಂದಕ್ಕೆ ತಂದರೆ ದಾರಿ ಬಿಡುತ್ತದೆ ಎಂದು ಒಬ್ಬೊಬ್ಬರಿಗೂ ಹೇಳಿ ಬಿಡಿಸಿದ. ನಾನು ಜೀಪಿನಲ್ಲೇ ಕೂತು ಆ ತಿರುವನ್ನೂ ಗಾಡಿಗಳನ್ನೂ ಕಾಗದದ ಮೇಲೆ ಗೀಚಿಕೊಂಡೆ. ಆಟ ಹುಟ್ಟಿದ್ದು ಅಲ್ಲಿ.

ಹಲಗೆಯ ಮೇಲೆ ಒಂದು ಗುಡ್ಡ, ಗುಡ್ಡಕ್ಕೆ ಒಂದೇ ರಸ್ತೆ. ಒಂದೇ ಗಾಡಿ ಹೋಗುವಷ್ಟು ಕಿರಿದು, ಅಲ್ಲಲ್ಲಿ ಮಾತ್ರ ಅಗಲ. ಒಬ್ಬರ ಗಾಡಿಗಳು ಹತ್ತಬೇಕು, ಇನ್ನೊಬ್ಬರವು ಇಳಿಯಬೇಕು. ದಾಳ ಇಲ್ಲ. ಎರಡು ಗಾಡಿ ಎದುರಾದರೆ ಒಬ್ಬರು ಹಿಂದಿನ ಅಗಲದ ಜಾಗದವರೆಗೆ ರಿವರ್ಸ್ ಹೋಗಬೇಕು. ಚಿತ್ರ ಬಿಡಿಸಿ, ಬಣ್ಣ ಹಚ್ಚಿ, ಕಾಫಿ ಗಿಡದ ಕೊಂಬೆ ಕತ್ತರಿಸಿ ಗಾಡಿ ಮಾಡಿ, ಮನೆಯಲ್ಲಿ ಆಡಲು ಕೂತರೆ ಆಟ ಸಾಗಲೇ ಇಲ್ಲ. ನಿಜವಾದ ರಸ್ತೆಯಲ್ಲಿ ಆದಂತೆಯೇ ಯಾರೂ ಹಿಂದೆ ಹೋಗಲು ಒಪ್ಪುತ್ತಿರಲಿಲ್ಲ. ನಾನು ಒಂದಾದ ಮೇಲೊಂದು ನಿಯಮ ಹಾಕಿ ನೋಡಿದೆ. ಹತ್ತುವ ಗಾಡಿಗೆ ಮೊದಲ ಹಕ್ಕು ಎಂದೆ, ಭಾರದ ಗಾಡಿಗೆ ಮೊದಲ ಹಕ್ಕು ಎಂದೆ. ಆಟ ಇನ್ನಷ್ಟು ಸಪ್ಪೆಯಾಯಿತು.

ಮೈದುನ ಒಂದು ಭಾನುವಾರ ಊಟಕ್ಕೆ ಬಂದವನು ಹಲಗೆ ನೋಡಿ, "ಅಲ್ಲ ಅತ್ತಿಗೆ, ರಿವರ್ಸ್ ಹೋದವ್ನಿಗೆ ಏನಾರ ಸಿಗ್ಬೇಕಲ್ಲ. ಸುಮ್ನೆ ಯಾರ್ ಹೋಗ್ತಾರೆ?" ಎಂದು ಅಂಗಳದಲ್ಲಿ ಒಣಗುತ್ತಿದ್ದ ಕಾಫಿ ಬೀಜ ಒಂದು ಹಿಡಿ ತಂದು ಹಂಚಿದ. ರಿವರ್ಸ್ ಹೋದವರಿಗೆ ಎದುರಿನವರು ಒಂದು ಬೀಜ ಕೊಡಬೇಕು, ಹೀಗೆ ಸಿಕ್ಕ ಬೀಜವನ್ನು ಮುಂದೆ ಯಾವಾಗಲಾದರೂ ಖರ್ಚು ಮಾಡಿ ಒಂದು ಹೆಚ್ಚಿನ ನಡೆ ನಡೆಸಬಹುದು. ಅವತ್ತು ಊಟ ತಣ್ಣಗಾಯಿತು. ನನ್ನ ಗಂಡ ಬೇಕೆಂದೇ ಹಿಂದೆ ಹೋಗಿ ಹೋಗಿ ಬೀಜ ಕೂಡಿಹಾಕಿ, ಕೊನೆಯಲ್ಲಿ ಮೂರು ಗಾಡಿಯನ್ನೂ ಒಟ್ಟಿಗೆ ನುಗ್ಗಿಸಿ ಗೆದ್ದರು. ಮೈದುನ ಅದಕ್ಕೆ 'ಎದುರುಬದುರು' ಎಂದು ಹೆಸರಿಟ್ಟ.

ಮೂಡಿಗೆರೆಯ ಬಡಗಿಯೊಬ್ಬರು ಪ್ಲೈವುಡ್ ಪದರಗಳನ್ನು ಒಂದರ ಮೇಲೊಂದು ಅಂಟಿಸಿ, ರಸ್ತೆ ನಿಜಕ್ಕೂ ಗುಡ್ಡ ಹತ್ತುವಂತೆ ಮೂರು ಹಲಗೆ ಮಾಡಿಕೊಟ್ಟರು. ಒಂದು ಹಲಗೆ ನಮ್ಮ ಶಾಲೆಯಲ್ಲಿತ್ತು. ಇನ್ನೆರಡನ್ನು ಮೈದುನ ಕಳಸದ ಆಚೆಯ ರೆಸಾರ್ಟಿಗೆ ಕೊಟ್ಟ. ಅವನ ಜೀಪಿಗೆ ಹೆಚ್ಚಿನ ಸವಾರಿ ಸಿಗುತ್ತಿದ್ದದ್ದು ಆ ರೆಸಾರ್ಟಿನಿಂದಲೇ. ಮಾಲೀಕರು ದೊಡ್ಡ ಕಾಫಿ ಬೆಳೆಗಾರರು. ಅತಿಥಿಗಳು ಊಟ ಮರೆತು ಆಡುತ್ತಾರೆ ಎಂದು ಅವರೇ ಫೋನ್ ಮಾಡಿ ಸಂತೋಷಪಟ್ಟಿದ್ದರು.

ಚಿಕ್ಕಮಗಳೂರಿನ ವಕೀಲರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರ ಕೆಲಸ ಹೆಚ್ಚಾಗಿ ಕಾಫಿಪುಡಿ, ಜೇನುತುಪ್ಪ, ಹೋಮ್‌ಸ್ಟೇಗಳ ಹೆಸರು ನೋಂದಾಯಿಸುವುದು. ಹಲಗೆ ಬಿಚ್ಚಿಸಿ, ನಮ್ಮಿಬ್ಬರನ್ನೂ ಒಂದು ಸುತ್ತು ಆಡಿಸಿ ನೋಡಿದ ಮೇಲೆ ಮಾತು ಶುರು ಮಾಡಿದರು.

"ಪೇಟೆಂಟ್ ಮರ್ತುಬಿಡಿ ಮೇಡಂ. ಆಟ ಆಡೋ ವಿಧಾನಕ್ಕೆ ನಮ್ಮ ದೇಶದಲ್ಲಿ ಪೇಟೆಂಟ್ ಇಲ್ಲ. ಕಾಯ್ದೆಯಲ್ಲೇ ಬರೆದುಬಿಟ್ಟಿದ್ದಾರೆ."

ಮೈದುನ ನನ್ನ ಮುಖ ನೋಡಿದ. ನಾನು, ಹಲಗೆ ಹೊಸ ರೀತಿಯದು, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಅದಕ್ಕೇನೂ ಇಲ್ಲವೇ ಎಂದೆ.

"ಅದು ಡಿಸೈನ್ ನೋಂದಣಿಗೆ ಬರತ್ತೆ. ಆದ್ರೆ ಅರ್ಜಿ ಹಾಕೋಕ್ ಮೊದ್ಲೇ ಹೊರಗಿನವರಿಗೆ ತೋರಿಸಿದ್ದೀರಾ?"

"ರೆಸಾರ್ಟಲ್ಲಿ ದಿನಾ ಆಡ್ತಾರೆ" ಎಂದ ಮೈದುನ ಹೆಮ್ಮೆಯಿಂದ.

"ಹಾಗಾದ್ರೆ ಅದೂ ಹೋಯ್ತು. ಒಮ್ಮೆ ಬಯಲಿಗೆ ಬಂದದ್ದು ಹೊಸದು ಅಂತ ಅನ್ನಿಸಿಕೊಳ್ಳಲ್ಲ."

ಉಳಿದದ್ದು ಎರಡು. ಚಿತ್ರಕ್ಕೂ ನಿಯಮಪುಸ್ತಕದ ಬರಹಕ್ಕೂ ಕಾಪಿರೈಟ್, ಹೆಸರಿಗೆ ಟ್ರೇಡ್‌ಮಾರ್ಕ್. ಕಾಪಿರೈಟ್ ಬರೆದ ಗಳಿಗೆಯಲ್ಲೇ ಹುಟ್ಟುತ್ತದಂತೆ, ನೋಂದಣಿ ಮಾಡಿಸಿದರೆ ನಾಳೆ ಸಾಕ್ಷಿಗೆ ಅನುಕೂಲ. ಚಿತ್ರ ಯಾರದ್ದು ಎಂದು ಕೇಳಿದರು, ನನ್ನದು ಎಂದೆ. ನಿಯಮಗಳನ್ನು ಬರೆದವರು ಯಾರು ಎಂದರು, ಅದೂ ನಾನೇ. ಅವರು ಎರಡೂ ಕಡೆ ನನ್ನ ಹೆಸರು ಬರೆದುಕೊಂಡರು.

"ಬೀಜದ್ದು ಮಾತ್ರ ನಾನು ಹೇಳಿದ್ದು" ಎಂದ ಮೈದುನ.

ವಕೀಲರು ಪೆನ್ನು ಕೆಳಗಿಟ್ಟರು. "ನೋಡಿ, ಇದು ಸ್ವಲ್ಪ ಬೇಜಾರಿನ ವಿಷ್ಯ. ಆಟ ಚೆನ್ನಾಗಿರೋದು ಆ ಬೀಜದಿಂದ್ಲೇ. ಆದ್ರೆ ಉಪಾಯಕ್ಕೆ ಕಾಪಿರೈಟ್ ಇಲ್ಲ. ಉಪಾಯನ ಯಾವ ಮಾತಲ್ಲಿ ಬರೆದಿದ್ದಾರೋ ಆ ಮಾತಿಗೆ ಮಾತ್ರ ಇದೆ."

"ಹಂಗಾದ್ರೆ ನಂದೇನೂ ಇಲ್ಲ."

"ಕಾನೂನಿನ ಲೆಕ್ಕದಲ್ಲಿ ಇಲ್ಲ."

ಅವನು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ಅಷ್ಟರಲ್ಲಿ ವಕೀಲರು ಕಂಪ್ಯೂಟರಿನಲ್ಲಿ ಹೆಸರಿನ ಹುಡುಕಾಟ ಮಾಡುತ್ತಿದ್ದರು. ಆಟ, ಆಟಿಕೆಗಳಿಗೆ ಒಂದು ಪ್ರತ್ಯೇಕ ವರ್ಗ ಇದೆಯಂತೆ. ಅದರಲ್ಲಿ 'ಎದುರುಬದುರು' ಎಂದು ಟೈಪ್ ಮಾಡಿದರು. ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಆ ಹೆಸರಿಗೆ ಆಗಲೇ ಒಂದು ಅರ್ಜಿ ಬಿದ್ದಿತ್ತು. ಅರ್ಜಿದಾರರ ಜಾಗದಲ್ಲಿ ಆ ರೆಸಾರ್ಟಿನ ಹೆಸರಿತ್ತು.

ಅರ್ಜಿ ಇನ್ನೂ ಟ್ರೇಡ್‌ಮಾರ್ಕ್ ಇಲಾಖೆಯ ಜರ್ನಲ್‌ನಲ್ಲಿ ಪ್ರಕಟವಾಗಿರಲಿಲ್ಲ. ಪ್ರಕಟವಾದ ಮೇಲೆ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು, ಮೊದಲು ಬಳಸಿದವರು ನಾವು ಎಂದು ತೋರಿಸಿದರೆ ನಮ್ಮ ಕೈ ಮೇಲೆ ಎಂದು ವಕೀಲರು ಹೇಳಿದರು. ಅದಕ್ಕೂ ಮುಂಚೆ ಒಮ್ಮೆ ರೆಸಾರ್ಟಿನವರನ್ನು ಕಂಡು ಮಾತಾಡಿ ಎಂದೂ ಸೇರಿಸಿದರು. ಎಷ್ಟೋ ಜಗಳ ಮಾತಿನಲ್ಲೇ ಮುಗಿಯುತ್ತದೆ.

ರೆಸಾರ್ಟಿನ ವರಾಂಡದಲ್ಲಿ ಮಾಲೀಕರು ನಮಗೆ ಕಾಫಿ ತರಿಸಿದರು. ಅವರ ಎದುರಿನ ಟೀಪಾಯಿಯ ಮೇಲೆ ಒಂದು ಬಟ್ಟೆ ಹಾಸಿತ್ತು. ನೋಡಿದರೆ ನನ್ನ ಗುಡ್ಡ, ನನ್ನ ರಸ್ತೆ. ಹಲಗೆಯ ಫೋಟೋ ತೆಗೆದು ಬಟ್ಟೆಯ ಮೇಲೆ ಅಚ್ಚು ಹಾಕಿಸಿದ್ದರು. ಒಂದು ತಿರುವಿನಲ್ಲಿ ನನ್ನ ಕುಂಚ ಜಾರಿ ಹಸಿರು ಬಣ್ಣ ರಸ್ತೆಯ ಮೇಲೆ ಚೆಲ್ಲಿತ್ತು. ಆ ಕಲೆಯೂ ಅಚ್ಚಾಗಿತ್ತು.

"ಟೀಚ್ರೇ, ತಪ್ಪು ತಿಳ್ಕೋಬೇಡಿ" ಎಂದರು. "ನಾನು ಅರ್ಜಿ ಹಾಕ್ದೆ ಇದ್ದಿದ್ರೆ ಬೆಂಗಳೂರಿನವ್ರು ಯಾರೋ ಹೊಡ್ಕೊಂಡು ಹೋಗ್ತಿದ್ರು. ನಿಮ್ಗೆ ಇದೆಲ್ಲ ಓಡಾಡೋಕೆ ಆಗುತ್ತಾ? ನಾನು ಪೆಟ್ಟಿಗೆ ಮಾಡಿಸ್ತೀನಿ, ಅಂಗಡಿಗೆ ಕಳಿಸ್ತೀನಿ. ಪೆಟ್ಟಿಗೆ ಮೇಲೆ ಚಿತ್ರ ನಿಮ್ಮದು ಅಂತ ಹಾಕ್ತೀನಿ." ಮೈದುನನ ಕಡೆ ತಿರುಗಿ, "ನಿಂಗೂ ಚಿಂತೆ ಇಲ್ಲ ಮಾರಾಯ. ಇಲ್ಲಿನ ಸವಾರಿ ಎಲ್ಲ ಇನ್ನು ನಿಂದೇ" ಎಂದರು.

ಅವರ ಮಾತಿನಲ್ಲಿ ಕಪಟವಿತ್ತೆಂದು ನನಗೆ ಈಗಲೂ ಅನಿಸುವುದಿಲ್ಲ. ತಮ್ಮ ವರಾಂಡದಲ್ಲಿ ಜನ ಆಡಿ ಮೆಚ್ಚಿದ್ದು ತಮ್ಮದೇ ಎಂದು ಅವರು ನಂಬಿದ್ದರು. ಛಾಪಾ ಕಾಗದದ ಮೇಲೆ ಕರಾರು ತಯಾರಾಗಿತ್ತು. ಓದಿಕೊಂಡು ಸಹಿ ಮಾಡಿ ಕಳಿಸಿ ಎಂದು ಅದನ್ನು ನನ್ನ ಕೈಗೆ ಕೊಟ್ಟರು.

ವಾಪಸು ಬರುವಾಗ ನಾನು ಸಿಟ್ಟಿನಲ್ಲಿದ್ದೆ, ಮೈದುನ ಜೀಪು ಓಡಿಸುತ್ತಿದ್ದ. ಹಿರೇಬೈಲು ದಾಟುವಾಗ, "ಸಹಿ ಮಾಡ್ಬಿಡಿ ಅತ್ತಿಗೆ" ಎಂದ.

"ಏನು ಹೇಳ್ತಿದ್ದೀಯ?"

"ನಿಮ್ಗೇನು, ತಿಂಗ್ಳಿಗೆ ಸಂಬ್ಳ ಬರುತ್ತೆ. ಸಾಹುಕಾರ್ರು ಕರೀದಿದ್ರೆ ನನ್ ಜೀಪು ಶೆಡ್ಡಲ್ಲೇ. ಒಂದ್ ಆಟಕ್ಕೋಸ್ಕರ ನಾನ್ಯಾಕೆ ಅವ್ರನ್ನ ಎದುರು ಹಾಕ್ಕೊಳ್ಲಿ? ಹೆಂಗೂ ನಂದೇನೂ ಇಲ್ಲ ಅಂತ ವಕೀಲ್ರೇ ಹೇಳಿದ್ರಲ್ಲ."

ಮನೆಗೆ ಬಂದು ಕರಾರನ್ನು ಮೇಜಿನ ಮೇಲೆ ಇಟ್ಟು ಚಹಾಕ್ಕೆ ನೀರಿಟ್ಟೆ. ಅವನು ಅದನ್ನು ಎತ್ತಿಕೊಂಡು ಕೊನೆಯ ಪುಟ ತಿರುವಿದ. ತನ್ನ ಹೆಸರು ಎಲ್ಲಿದೆ ಎಂದು ಹುಡುಕುತ್ತಿದ್ದ. ನನ್ನ ಹೆಸರಿನ ಮುಂದೆ ಹಕ್ಕು ಬಿಟ್ಟುಕೊಡುವವರು ಎಂದಿತ್ತು. ಅವನ ಹೆಸರು ಕೆಳಗೆ, ಎಡಗಡೆಯಲ್ಲಿತ್ತು. ಮುಂದೆ ಬರೆದಿದ್ದು, ಸಾಕ್ಷಿ.

"ನಾನು ಸಾಕ್ಷಿನಾ?" ಎಂದ. ಇನ್ನೊಮ್ಮೆ ಓದಿದ. "ನೀವು ಮಾಡಿದ್ದನ್ನ ನಿಂತು ನೋಡಿದೋನು ನಾನು. ಅಷ್ಟೇನಾ ಅತ್ತಿಗೆ?"

ಚಹಾ ಕುಡಿಯದೆ ಜೀಪು ಹತ್ತಿದ.

ಕೋಪ ಬಂದದ್ದು ಮಾಲೀಕರ ಮೇಲೆ. ಆದರೆ ಅವತ್ತು ಕೂತು ಯೋಚಿಸಿದರೆ, ವಕೀಲರ ಕಚೇರಿಯಲ್ಲಿ ಎರಡೂ ಕಡೆ ನನ್ನ ಹೆಸರು ಬರೆದುಕೊಂಡಾಗ ನಾನು ತಡೆದಿರಲಿಲ್ಲ. ಅವರು ಕಾನೂನು ಹೇಳಿದ್ದರು, ನಾನು ಒಪ್ಪಿಕೊಂಡಿದ್ದೆ. ಕರಾರು ಬರೆಸಿದವರು ಹಾಕಿದ ಲೆಕ್ಕವೂ ಅದೇ. ನಾವು ಅವರ ಅರ್ಜಿಯನ್ನು ವಿರೋಧಿಸಿ ಗೆದ್ದರೂ ಕೊನೆಗೆ ಆಟ ನನ್ನೊಬ್ಬಳ ಹೆಸರಿಗೆ ಬರುವುದಾದರೆ ಅವನಿಗೆ ವ್ಯತ್ಯಾಸ ಏನು?

ಮರುದಿನ ಶಾಲೆಯಿಂದ ವಕೀಲರಿಗೆ ಫೋನ್ ಮಾಡಿದೆ. "ಬರೆದ ಮಾತಿಗೆ ಮಾತ್ರ ಹಕ್ಕು ಅಂದ್ರಲ್ಲ. ನಿಯಮಪುಸ್ತಕನ ಇಬ್ರೂ ಕೂತು ಮೊದಲಿಂದ ಬರೆದ್ರೆ?"

"ಅವರು ಬರೀ ಹೆಸರಿಗೆ ಅಂತ ನಿಮ್ಮ ಪಕ್ಕದಲ್ಲಿ ಕೂತಿದ್ರೆ ಸಾಲ್ದು ಮೇಡಂ. ಯಾವ ವಾಕ್ಯ ಯಾರದ್ದು ಅಂತ ಬೇರೆ ಮಾಡೋಕೆ ಆಗದ ಹಾಗೆ ಬರೀಬೇಕು. ಆವಾಗ ಇಬ್ಬರೂ ಲೇಖಕರು."

"ಚಿತ್ರಕ್ಕೆ?"

"ಚಿತ್ರ ಬಿಡಿಸಿರೋದು ನೀವು. ಅದನ್ನ ಬದಲಾಯ್ಸೋಕಾಗಲ್ಲ. ಬೇಕಾದ್ರೆ ಅದರ ಹಕ್ಕಿನಲ್ಲಿ ಅರ್ಧ ಅವರಿಗೆ ಬರೆದುಕೊಡ್ಬೋದು. ಯೋಚನೆ ಮಾಡಿ, ಅವಸರ ಇಲ್ಲ."

ಮುಂದಿನ ಭಾನುವಾರ ನಾನೇ ಬಸ್ಸು ಹಿಡಿದು ಸಂಸೆಗೆ ಹೋದೆ. ಮೈದುನ ಜೀಪಿನ ಬಾನೆಟ್ ಎತ್ತಿ ಏನೋ ಬಿಚ್ಚುತ್ತಿದ್ದ. ನಿಯಮಪುಸ್ತಕ ಮತ್ತೆ ಬರೆಯಬೇಕು, ನೀನು ಹೇಳಬೇಕು ಎಂದೆ. ನನಗೆಲ್ಲಿ ಬರೆಯಲು ಬರುತ್ತದೆ ಎಂದ. ಬರೆಯುವುದು ಬೇಡ, ಜೀಪು ಸ್ಟ್ಯಾಂಡಿನಲ್ಲಿ ಹೊಸಬನಿಗೆ ಆಟ ಕಲಿಸಿದ ಹಾಗೆ ಹೇಳು ಸಾಕು ಎಂದೆ.

ಹಳೆಯ ಪುಸ್ತಕದಲ್ಲಿ ನಾನು ಬರೆದದ್ದು ಹೀಗಿತ್ತು: 'ಎರಡು ವಾಹನಗಳು ಪರಸ್ಪರ ಎದುರಾದ ಸಂದರ್ಭದಲ್ಲಿ ಹಿಮ್ಮುಖವಾಗಿ ಚಲಿಸಿದ ಆಟಗಾರನು ಒಂದು ಬೀಜವನ್ನು ಪಡೆಯತಕ್ಕದ್ದು.' ಅದನ್ನು ಓದಿದ್ದೇ ಅವನು ಸ್ಪ್ಯಾನರ್ ಕೆಳಗಿಟ್ಟ.

"ಯಾರಿಗೆ ಅರ್ಥ ಆಗುತ್ತೆ ಅತ್ತಿಗೆ ಇದು? ಬರ್ಕೊಳಿ. ಎದುರು ಗಾಡಿ ಬಂತಾ? ಹಾರ್ನ್ ಹೊಡೆದು ಪ್ರಯೋಜನ ಇಲ್ಲ. ಒಬ್ರು ರಿವರ್ಸ್ ಹೋಗಿ. ಹೋದವ್ರಿಗೆ ಇನ್ನೊಬ್ರು ಒಂದು ಬೀಜ ಕೊಡಿ. ಎಸೀಬೇಡಿ, ಕೈಗೆ ಕೊಡಿ."

"ಕೈಗೆ ಕೊಡೋದು ನಿಯಮನಾ?"

"ಅದೇ ನಿಯಮ."

ಹಾಗೆ ಹಲವು ಭಾನುವಾರಗಳು ಹೋದವು. ನಾನು ವಾಕ್ಯ ಸರಿಮಾಡಿದರೆ ಅವನು ಕೆಡಿಸುತ್ತಿದ್ದ, ಅವನು ಬಿಟ್ಟದ್ದನ್ನು ನಾನು ಕೇಳಿ ಕೇಳಿ ತುಂಬಿಸುತ್ತಿದ್ದೆ. ಒಂದು ಗಾಡಿಯ ಹಿಂದೆ ಇನ್ನೊಂದು ನಿಂತಿದ್ದರೆ ರಿವರ್ಸ್ ಹೋಗುವುದು ಹೇಗೆ ಎಂಬ ನಿಯಮಕ್ಕೆ ಇಬ್ಬರೂ ಜಗಳವಾಡಿ, ಹಲಗೆಯ ಮೇಲೆ ಗಾಡಿಗಳನ್ನಿಟ್ಟು ನೋಡಿ, ಕೊನೆಗೆ ಎರಡು ಸಾಲು ಬರೆದೆವು. ಆ ಎರಡು ಸಾಲು ಯಾರದ್ದೆಂದು ಈಗ ಕೇಳಿದರೆ ನನಗೆ ಗೊತ್ತಿಲ್ಲ. ಪುಸ್ತಕವನ್ನೂ ಹಲಗೆಯನ್ನೂ ನಮ್ಮ ಶಾಲೆಯ ಶಿಕ್ಷಕರ ಕೊಠಡಿಯಲ್ಲಿಟ್ಟು ಏನೂ ಹೇಳದೆ ಕೂತೆ. ಹಳೆಯ ಪುಸ್ತಕ ಕೊಟ್ಟಾಗ ಪ್ರತಿಯೊಬ್ಬರೂ ಬಂದು ನನ್ನನ್ನು ಕೇಳುತ್ತಿದ್ದರು. ಈ ಸಲ ಯಾರೂ ಕೇಳಲಿಲ್ಲ. ಗಣಿತದ ಮೇಷ್ಟ್ರು ಕನ್ನಡದ ಮೇಡಂಗೆ, "ಎಸೀಬೇಡಿ ಮೇಡಂ, ಕೈಗೆ ಕೊಡಿ ಅಂತಿದೆ" ಎನ್ನುತ್ತಿದ್ದರು.

ಚಿತ್ರದ ಅರ್ಧ ಹಕ್ಕು ಬರೆದುಕೊಡುವ ಪತ್ರಕ್ಕೆ ಸಹಿ ಮಾಡುವಾಗ ನನ್ನ ಕೈ ಒಂದು ಗಳಿಗೆ ತಡೆಯಿತು. ಆ ಗುಡ್ಡಕ್ಕೆ ನಾನೊಬ್ಬಳೇ ಬಣ್ಣ ಹಚ್ಚಿದ್ದೆ. ಅವನು ನೋಡುತ್ತಿದ್ದ. "ಬೇಡ ಅಂದ್ರೆ ಬಿಡಿ ಅತ್ತಿಗೆ, ಪುಸ್ತಕ ಸಾಕು" ಎಂದ. ಬೀಜ ಇಲ್ಲದಿದ್ದರೆ ಆ ಗುಡ್ಡ ಗೋಡೆಗೆ ನೇತುಹಾಕುವ ಚಿತ್ರವಾಗಿ ಉಳಿಯುತ್ತಿತ್ತು ಎಂಬುದು ನೆನಪಾಗಿ ಸಹಿ ಹಾಕಿದೆ.

ಅಲ್ಲಿಂದ ಮುಂದೆ ವಕೀಲರ ಕೆಲಸ. ಪುಸ್ತಕಕ್ಕೆ ಇಬ್ಬರ ಹೆಸರಲ್ಲಿ ಕಾಪಿರೈಟ್ ಅರ್ಜಿ, ಚಿತ್ರಕ್ಕೆ ಬೇರೆ ಅರ್ಜಿ, 'ಎದುರುಬದುರು' ಹೆಸರಿಗೆ ಇಬ್ಬರೂ ಜಂಟಿ ಅರ್ಜಿದಾರರು. ಮೊದಲಿನಿಂದ ಬಳಸುತ್ತಿದ್ದೇವೆ ಎಂಬುದಕ್ಕೆ ಅಫಿಡವಿಟ್, ಅದರ ಜೊತೆಗೆ ಬಡಗಿಯ ಬಿಲ್ಲು, ಶಾಲೆಯ ಕಾರ್ಯಕ್ರಮದ ಫೋಟೋಗಳು, ಆಡಿದವರು ಕಳಿಸಿದ್ದ ಮೆಸೇಜುಗಳು. ರೆಸಾರ್ಟಿನ ಅರ್ಜಿ ಜರ್ನಲ್‌ನಲ್ಲಿ ಪ್ರಕಟವಾದ ಕೂಡಲೇ ವಿರೋಧ ಸಲ್ಲಿಸಲು ಎಲ್ಲ ಸಿದ್ಧವಾಗಿತ್ತು. ಸಲ್ಲಿಸುವ ಮುಂಚೆ ವಕೀಲರು ಮೈದುನನನ್ನು ಕೇಳಿದರು, "ನಿಮ್ಮ ಸವಾರಿ ಹೋಗುತ್ತೆ. ಗೊತ್ತಲ್ಲ?"

"ಗೊತ್ತು ಮೇಡಂ. ಹಾಕಿ" ಎಂದ.

ಹಾಗೆಯೇ ಆಯಿತು. ರೆಸಾರ್ಟಿನಿಂದ ಕರೆ ನಿಂತಿತು. ಆ ಸೀಸನ್ನಿನಲ್ಲಿ ಬೇರೆ ಜೀಪುಗಳು ಅತಿಥಿಗಳನ್ನು ತುಂಬಿಕೊಂಡು ಅವನ ಮುಂದೆಯೇ ಹೋದವು. ಅವನು ತೋಟಗಳಿಗೆ ಗೊಬ್ಬರ ಸಾಗಿಸಿದ, ಕುದುರೆಮುಖದ ಕಡೆ ಚಾರಣಕ್ಕೆ ಹೋಗುವವರನ್ನು ಬೆಳಗ್ಗೆ ಬಿಟ್ಟು ಸಂಜೆ ಕರೆತಂದ. ನನ್ನ ಓರಗಿತ್ತಿ ನನ್ನ ಜೊತೆ ಮಾತು ಕಡಿಮೆ ಮಾಡಿದಳು. ಅವಳನ್ನು ದೂರಲಾರೆ. ಮಾಲೀಕರು ಒಮ್ಮೆ ನನಗೆ ಫೋನ್ ಮಾಡಿದರು.

"ಒಂದು ಆಟಕ್ಕೆ ಇಷ್ಟೆಲ್ಲ ಬೇಕಿತ್ತಾ ಟೀಚ್ರೇ? ಮನೆಯವ್ರ ಥರ ಇದ್ವಿ."

"ಮೊದ್ಲು ಅರ್ಜಿ ಹಾಕಿದ್ದು ನೀವು ಸಾರ್."

"ಅವ್ನಿಗೆ ಹೇಳಿ, ಬಂದು ಮಾತಾಡ್ಲಿ."

"ನಾವಿಬ್ರೂ ಒಟ್ಟಿಗೆ ಬರ್ತೀವಿ ಸಾರ್. ಇಬ್ರ ಹೆಸ್ರಲ್ಲೂ ಇದೆ."

ಆಯ್ತು ಎಂದು ಫೋನಿಟ್ಟರು. ಆಮೇಲೆ ಕರೆಯಲಿಲ್ಲ.

ವಿರೋಧದ ಪ್ರತಿ ಕೈಸೇರಿದ ಮೇಲೆ ಅರ್ಜಿದಾರರು ಎರಡು ತಿಂಗಳೊಳಗೆ ಪ್ರತಿಹೇಳಿಕೆ ಕೊಡಬೇಕು, ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ವಕೀಲರು ಮುಂದಿನ ಹಂತಕ್ಕೆ ಸಾಕ್ಷ್ಯ ಜೋಡಿಸುತ್ತಿದ್ದರು, ವಿಚಾರಣೆಯಲ್ಲಿ ನನ್ನನ್ನು ಏನು ಕೇಳಬಹುದು ಎಂದು ನಾನು ಹೆದರುತ್ತಿದ್ದೆ. ರೆಸಾರ್ಟಿನಿಂದ ಏನೂ ಬರಲಿಲ್ಲ. ಅವಧಿ ಮುಗಿಯಿತು. ಇನ್ನೂ ಕೆಲವು ವಾರ ಕಾದ ಮೇಲೆ ವಕೀಲರ ಕಂಪ್ಯೂಟರಿನಲ್ಲಿ ಆ ಅರ್ಜಿಯ ಮುಂದೆ 'ಕೈಬಿಡಲಾಗಿದೆ' ಎಂಬ ಅರ್ಥದ ಒಂದು ಪದ ಕಾಣಿಸಿತು. ಮಾಲೀಕರು ಮರೆತರೋ, ಸಾಕೆನಿಸಿತೋ, ಅವರ ವಕೀಲರೇ ಬೇಡವೆಂದರೋ ನಮಗೆ ಇವತ್ತಿಗೂ ಗೊತ್ತಿಲ್ಲ. ಬಟ್ಟೆಯ ಆಟ ಮಾತ್ರ ರೆಸಾರ್ಟಿನ ವರಾಂಡದಿಂದ ಹೋಗಿದೆ ಎಂದು ಅಲ್ಲಿಗೆ ಹಾಲು ಹಾಕುವವರು ಹೇಳಿದರು.

ನಮ್ಮ ಅರ್ಜಿಗೆ ಇದ್ದ ಮುಖ್ಯ ಆಕ್ಷೇಪಣೆಯೇ ಆ ಹಳೆಯ ಅರ್ಜಿ. ಅದು ಹೋದ ಮೇಲೆ ನಮ್ಮದು ಪ್ರಕಟವಾಯಿತು, ಯಾರೂ ವಿರೋಧಿಸಲಿಲ್ಲ, ನೋಂದಣಿಯಾಯಿತು. ಕೊಟ್ಟಿಗೆಹಾರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಮಾಣಪತ್ರ ಅಚ್ಚು ಹಾಕಿಸಿ ಅವನಿಗೆ ಒಂದು ಪ್ರತಿ ಕೊಟ್ಟೆ. ಬಹಳ ಹೊತ್ತು ನೋಡಿದ. "ಸಂಸೆ ಅಂತ ಸರಿಯಾಗಿ ಬರ್ದಿದ್ದಾರೆ" ಎಂದಷ್ಟೇ ಹೇಳಿ ಮಡಚಿ ಜೀಪಿನ ಡ್ಯಾಶ್‌ಬೋರ್ಡಿನೊಳಗೆ ಇಟ್ಟ.

ಈಗ ಬಡಗಿ ಹಲಗೆ ಮಾಡುತ್ತಾರೆ, ನಾವು ಪೆಟ್ಟಿಗೆ ಕಟ್ಟುತ್ತೇವೆ. ಮೂಡಿಗೆರೆ, ಕಳಸದ ಅಂಗಡಿಗಳಲ್ಲೂ ಕೆಲವು ಹೋಮ್‌ಸ್ಟೇಗಳಲ್ಲೂ ಸಿಗುತ್ತದೆ.

ಕಳೆದ ತಿಂಗಳು ಪೆಟ್ಟಿಗೆ ಕೊಡಲು ಅವನ ಜೊತೆ ಕಳಸಕ್ಕೆ ಹೋಗಿದ್ದೆ. ಜೀಪು ಸ್ಟ್ಯಾಂಡಿನ ಸಿಮೆಂಟು ಕಟ್ಟೆಯ ಮೇಲೆ ಯಾರೋ ಸೀಮೆಸುಣ್ಣದಿಂದ ರಸ್ತೆ ಎಳೆದಿದ್ದರು. ಬೇರೆ ಊರಿನ ಡ್ರೈವರುಗಳಿಬ್ಬರು ಬಾಟಲಿ ಮುಚ್ಚಳಗಳನ್ನು ಇಟ್ಟುಕೊಂಡು ಆಡುತ್ತಿದ್ದರು, ಪಕ್ಕದಲ್ಲಿ ಕಾಫಿ ಬೀಜದ ಸಣ್ಣ ಗುಡ್ಡೆ. ನಾವು ನಿಂತು ನೋಡುವುದನ್ನು ಕಂಡು ಅವರಲ್ಲಿ ಹಿರಿಯವನು ತಾನಾಗಿಯೇ ಹೇಳಿದ.

"ಇದು ನಮ್ಮ ಕಡೆ ಹಳೇ ಆಟ ಮೇಡಂ. ನಮ್ಮಜ್ಜನ ಕಾಲದ್ದು."

"ಅಜ್ಜನ ಕಾಲದಲ್ಲಿ ಜೀಪಿತ್ತಾ?" ಎಂದೆ.

"ಎತ್ತಿನಗಾಡಿ ಇತ್ತಲ್ಲ!"

ನಾನು ಬಾಯಿ ತೆರೆಯುವಷ್ಟರಲ್ಲಿ ಮೈದುನ ಅವರ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಒಂದು ಮುಚ್ಚಳಕ್ಕೆ ಕೆಂಪು ಬಣ್ಣ ಇತ್ತು, ಅದು ಬಸ್ಸಂತೆ. ಬಸ್ಸು ಎದುರಾದರೆ ಉಳಿದವರೇ ಹಿಂದೆ ಹೋಗಬೇಕು, ಬಸ್ಸು ಯಾವತ್ತೂ ರಿವರ್ಸ್ ಹೋಗಬಾರದು, ಆದರೆ ಬಸ್ಸಿನವನು ಎರಡು ಬೀಜ ಕೊಡಬೇಕು ಎಂದು ಅವರು ಇವನಿಗೆ ಬಿಡಿಸಿ ಬಿಡಿಸಿ ಕಲಿಸಿದರು. ಇವನು ಏನೂ ಗೊತ್ತಿಲ್ಲದವನಂತೆ ಕೇಳಿಕೊಂಡು, ಒಂದು ಆಟ ಆಡಿ, ಸೋತು ಎದ್ದು ಬಂದ.

ಜೀಪು ಹೊರಟು ಸ್ವಲ್ಪ ದೂರ ಬಂದ ಮೇಲೆ, "ಅತ್ತಿಗೆ, ವಕೀಲ್ರಿಗೊಂದು ಫೋನ್ ಮಾಡಿ" ಎಂದ.

"ಅವರ ಮೇಲೆ ಕೇಸ್ ಹಾಕೋಕಾಗಲ್ಲ ಕಣೋ. ನಿಯಮಕ್ಕೆ ಒಡೆಯರಿಲ್ಲ."

"ಕೇಸಿಗಲ್ಲ. ಆ ಬಸ್ಸಿನ ನಿಯಮ ಚೆನ್ನಾಗಿದೆ. ನಮ್ ಪುಸ್ತಕಕ್ಕೆ ಹಾಕ್ಕೋಬೋದಾ ಕೇಳಿ."